ಕೈಕೋಳ ಇಲ್ಲದ ಪೊಲೀಸ್ ಕೆಲಸ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಎರಡು ಸಂಚಿಕೆ ಹಿಂದೆ ಇದೇ ಪತ್ರಿಕೆಯಲ್ಲಿ ನನ್ನ ಕೆಲಸದ ಬಗ್ಗೆ ಒಂದು ಪುಟ ಬರೆದಿದ್ದೆ. ನಾನು ತಿಪಟೂರಿನವಳು. 2008ರಲ್ಲಿ ಮದುವೆಯಾಗಿ ಇಂಗ್ಲೆಂಡಿಗೆ ಬಂದೆ. ಈಗ ಇಲ್ಲಿನ ಮಧ್ಯಭಾಗದ ಒಂದು ಊರಿನಲ್ಲಿ ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್ ಆಗಿದ್ದೇನೆ. ಇಲ್ಲಿ ಎಲ್ಲರೂ ಚಿಕ್ಕದಾಗಿ ಪಿಸಿಎಸ್‌ಒ ಅನ್ನುತ್ತಾರೆ. ಬೀದಿಯಲ್ಲಿ ನಡೆದು ಗಸ್ತು ತಿರುಗುವ ಕೆಲಸ, ಆದರೆ ಯಾರನ್ನೂ ಬಂಧಿಸುವ ಅಧಿಕಾರ ನನಗಿಲ್ಲ ಅಂತ ಆ ಪುಟದಲ್ಲಿ ಬರೆದಿದ್ದೆ. ಇದು ನನ್ನ ಎಂಟನೇ ವರ್ಷ. ಒಂದು ಪುಟ ಓದಿ ಇಷ್ಟೊಂದು ಜನ ಪ್ರಶ್ನೆ ಕಳಿಸುತ್ತೀರಿ ಅಂತ ನಾನು ಎಣಿಸಿರಲಿಲ್ಲ. ಸಂಜೆ ಶಿಫ್ಟ್ ಮುಗಿಸಿ ಬಂದ ಮೇಲೆ ದಿನಾ ಒಂದಿಷ್ಟು ಪತ್ರ ಓದಿದೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆಯುತ್ತಿದ್ದೇನೆ.

ಮೇಡಂ, ನೀವು ಪೊಲೀಸೋ ಅಲ್ಲವೋ? ನಮ್ಮ ಹೋಂಗಾರ್ಡ್ ಇದ್ದ ಹಾಗಾ? ಹಿಡಿದು ಒಳಗೆ ಹಾಕುವ ಅಧಿಕಾರವೇ ಇಲ್ಲ ಅಂದಮೇಲೆ ಅಂಥ ಪೊಲೀಸರನ್ನು ಇಟ್ಟುಕೊಂಡು ಏನು ಪ್ರಯೋಜನ?
— ನಿವೃತ್ತ ಮೇಷ್ಟ್ರು, ಮಂಡ್ಯ

ಮೇಷ್ಟ್ರೇ, ನಾನು ಪೊಲೀಸ್ ಇಲಾಖೆಯ ನೌಕರಳು. ಸಮವಸ್ತ್ರ ಇದೆ, ತಿಂಗಳ ಸಂಬಳ ಇದೆ. ಆದರೆ ಕಾನ್‌ಸ್ಟೆಬಲ್ ಅಲ್ಲ. 2002ರಲ್ಲಿ ಬ್ರಿಟನ್ ಸಂಸತ್ತು ಪೊಲೀಸ್ ಸುಧಾರಣಾ ಕಾಯ್ದೆ ತಂದಾಗ ಹುಟ್ಟಿದ ಹುದ್ದೆ ಇದು. ಆ ವರ್ಷವೇ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಮೊದಲ ತಂಡದ ತರಬೇತಿ ಶುರುವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾತ್ರ ಈ ಹುದ್ದೆ ಇದೆ. ಸ್ಕಾಟ್ಲೆಂಡಿನಲ್ಲಾಗಲಿ ಉತ್ತರ ಐರ್ಲೆಂಡಿನಲ್ಲಾಗಲಿ ಇಲ್ಲ.

ಹೋಂಗಾರ್ಡಿಗೂ ಇದಕ್ಕೂ ವ್ಯತ್ಯಾಸ ಇದೆ. ನಮ್ಮಲ್ಲಿ ಹೋಂಗಾರ್ಡ್‌ಗಳು ಸ್ವಯಂಸೇವಕರು. ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ ಸಿಗುತ್ತದೆ. ಇಲ್ಲಿ ಸ್ವಯಂಸೇವಕರ ಪಡೆ ಬೇರೆಯೇ ಇದೆ. ಅವರನ್ನು ಸ್ಪೆಷಲ್ ಕಾನ್‌ಸ್ಟೆಬಲ್ ಅನ್ನುತ್ತಾರೆ. ಸಾಮಾನ್ಯವಾಗಿ ತಿಂಗಳಿಗೆ 16 ಗಂಟೆಯಾದರೂ ಕೆಲಸ ಮಾಡಬೇಕು, ಸಂಬಳ ಇಲ್ಲ. ಆದರೆ ಬಂಧಿಸುವ ಪೂರ್ತಿ ಅಧಿಕಾರ ಅವರಿಗಿದೆ. ಸಂಬಳ ತೆಗೆದುಕೊಳ್ಳುವ ನನಗಿಲ್ಲ. ಸೇರಿದ ಹೊಸದರಲ್ಲಿ ನನಗೂ ಇದು ವಿಚಿತ್ರ ಅನ್ನಿಸಿತ್ತು.

ನನ್ನ ಕೈಲಿ ಇರುವುದು ಇಷ್ಟು. ರಸ್ತೆಯಲ್ಲಿ ಕಸ ಎಸೆದರೆ, ನಾಯಿ ಹೊಲಸು ಮಾಡಿದ್ದನ್ನು ಎತ್ತದೆ ಹೋದರೆ ದಂಡದ ಚೀಟಿ ಕೊಡಬಹುದು. 18 ತುಂಬದ ಮಕ್ಕಳ ಕೈಲಿ ಮದ್ಯ ಕಂಡರೆ, 16 ತುಂಬದವರ ಕೈಲಿ ಸಿಗರೇಟು ಕಂಡರೆ ಕಿತ್ತುಕೊಳ್ಳಬಹುದು. ಜನರಿಗೆ ತೊಂದರೆ ಕೊಡುತ್ತಿರುವವರ ಹೆಸರು, ವಿಳಾಸ ಕೇಳಬಹುದು. ಒಳಗೆ ಯಾರದೋ ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ ಬಾಗಿಲು ಒಡೆದು ಹೋಗಬಹುದು. ಹೆಸರು ಹೇಳದವರನ್ನು ಕಾನ್‌ಸ್ಟೆಬಲ್ ಬರುವವರೆಗೆ 30 ನಿಮಿಷ ತಡೆದು ನಿಲ್ಲಿಸುವ ಅಧಿಕಾರವನ್ನು ಕೆಲವು ಕಡೆ ಕೊಟ್ಟಿದ್ದಾರೆ, ಕೆಲವು ಕಡೆ ಕೊಟ್ಟಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಪ್ರಾದೇಶಿಕ ಪೊಲೀಸ್ ಪಡೆಗಳು 43. ಯಾವ ಅಧಿಕಾರ ಕೊಡಬೇಕು ಅಂತ ಆಯಾ ಪಡೆಯ ಮುಖ್ಯಸ್ಥರೇ ತೀರ್ಮಾನ ಮಾಡುತ್ತಾರೆ.

ಪ್ರಯೋಜನ ಏನು ಅಂತ ಕೇಳಿದಿರಿ. ನಾನು ಚಿಕ್ಕವಳಿದ್ದಾಗ ನಮ್ಮಪ್ಪನ ದಿನಸಿ ಅಂಗಡಿಯ ಬಾಗಿಲ ಹಿಂದೆ ಮೊಳೆಗೆ ಒಂದು ಬೀಟ್ ಪುಸ್ತಕ ನೇತುಹಾಕಿತ್ತು. ಗಸ್ತಿನ ಪೊಲೀಸರು ಬಂದು ಅದರಲ್ಲಿ ಸಹಿ ಹಾಕಿ ಹೋಗಬೇಕು. ಒಬ್ಬರು ದಫೇದಾರರು ಸುಮ್ನೆ ಸಹಿ ಹಾಕಿ ಹೋಗುತ್ತಿರಲಿಲ್ಲ. ಎರಡು ನಿಮಿಷ ಕೂತು, ಯಾರ ಮನೆ ಬೀಗ ಹಾಕಿದೆ, ಯಾರ ಮಗ ಶಾಲೆ ಬಿಟ್ಟ, ಕೊಬ್ಬರಿ ಮಂಡಿಗೆ ಹೊಸದಾಗಿ ಯಾರು ಬಂದಿದ್ದಾರೆ ಅಂತ ವಿಚಾರಿಸುತ್ತಿದ್ದರು. ಅವರು ಯಾರನ್ನಾದರೂ ಹಿಡಿದದ್ದು ನಾನು ನೋಡಿಯೇ ಇಲ್ಲ. ಆದರೆ ಅವರು ವರ್ಗವಾಗಿ ಹೋದ ಮೇಲೆ ನಮ್ಮ ಬೀದಿಯ ಜನ ಠಾಣೆಗೆ ಹೋಗಲು ಹೆದರಿದರು. ಅಲ್ಲಿ ಗುರುತಿನವರು ಯಾರೂ ಇರಲಿಲ್ಲ. ಆ ದಫೇದಾರರು ಮಾಡುತ್ತಿದ್ದ ಕೆಲಸವೇ ಇಲ್ಲಿ ನನ್ನ ಕೆಲಸ.

ನಮ್ಮ ಮಗ ಎಂ.ಎಸ್. ಓದಲು ಕಳೆದ ವರ್ಷ ಅಲ್ಲಿಗೆ ಬಂದಿದ್ದಾನೆ. ಪಾರ್ಟ್‌ಟೈಮ್ ಕೆಲಸ ಸಿಗುತ್ತಿಲ್ಲ. ಇದಕ್ಕೆ ಅರ್ಜಿ ಹಾಕಬಹುದಾ?
— ಒಬ್ಬ ತಾಯಿ, ಶಿವಮೊಗ್ಗ

ಇಲ್ಲಮ್ಮ, ಆಗುವುದಿಲ್ಲ. ಬ್ರಿಟಿಷ್ ಪೌರತ್ವವೇ ಬೇಕು ಅಂತಿಲ್ಲ, ಭಾರತದ ಪಾಸ್‌ಪೋರ್ಟ್ ಇದ್ದವರೂ ಸೇರಬಹುದು. ಆದರೆ ಈ ದೇಶದಲ್ಲಿ ಇರುವುದಕ್ಕೆ ಅವಧಿಯ ಮಿತಿ ಇರಬಾರದು. ಅಂದರೆ ಶಾಶ್ವತ ವಾಸದ ಅನುಮತಿ ಸಿಕ್ಕಿರಬೇಕು. ಓದುವ ವೀಸಾ, ಓದಿದ ಮೇಲೆ ಸಿಗುವ ವೀಸಾ, ಕಂಪನಿ ಕೊಡಿಸುವ ಕೆಲಸದ ವೀಸಾ, ಎಲ್ಲಕ್ಕೂ ಕೊನೆಯ ದಿನಾಂಕ ಇರುತ್ತದೆ. ಅದರ ಜೊತೆಗೆ, ಹಿಂದಿನದನ್ನು ಪರಿಶೀಲಿಸಲು ಸಾಮಾನ್ಯವಾಗಿ 3 ವರ್ಷ ಇಲ್ಲೇ ವಾಸ ಇದ್ದಿರಬೇಕು ಅಂತಲೂ ಕೇಳುತ್ತಾರೆ.

ದುಡ್ಡು ಕೊಟ್ಟರೆ ಇಂಗ್ಲೆಂಡಿನಲ್ಲಿ ಪೊಲೀಸ್ ಕೆಲಸ ಕೊಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅರ್ಜಿಗೆ ಶುಲ್ಕವೇ ಇಲ್ಲ. ಈ ಪ್ರಶ್ನೆ ಕೇಳಿ ಬಂದ ಪತ್ರಗಳಲ್ಲಿ ಎರಡರಲ್ಲಿ ಏಜೆಂಟರ ಮಾತು ಇತ್ತು. ಓದಿ ನನಗೆ ಹೊಟ್ಟೆ ಉರಿಯಿತು.

ಅಕ್ಕಾ, ನನಗೆ 41. ಇಬ್ಬರು ಮಕ್ಕಳು. ರೆಡಿಂಗ್‌ನಲ್ಲಿ ಇದ್ದೇವೆ, ಪೌರತ್ವ ಸಿಕ್ಕಿದೆ. ಬಿ.ಎ. ಓದಿ ಹನ್ನೊಂದು ವರ್ಷ ಮನೆಯಲ್ಲೇ ಇದ್ದೀನಿ. ನನ್ನ ಇಂಗ್ಲಿಷ್ ನಮ್ಮ ಕಡೆಯ ಇಂಗ್ಲಿಷ್. ನನ್ನಂಥವಳನ್ನ ತಗೋತಾರಾ? ಏನೇನು ಪರೀಕ್ಷೆ ಇರುತ್ತೆ?
— ರೆಡಿಂಗ್‌ನಿಂದ ಒಬ್ಬ ಓದುಗರು

ತಂಗೀ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಾನು ಅರ್ಜಿ ಹಾಕಿದಾಗ ನನಗೆ 38. ಆಗ ಒಂದು ಶಾಲೆಯಲ್ಲಿ ಮಕ್ಕಳ ಊಟದ ಹೊತ್ತಿಗೆ ಮೇಲ್ವಿಚಾರಣೆ ಮಾಡುವ ಕೆಲಸದಲ್ಲಿದ್ದೆ. ದಿನಕ್ಕೆ ಒಂದೂವರೆ ಗಂಟೆ. ಅದನ್ನು ಅರ್ಜಿಯಲ್ಲಿ ಬರೆಯುವುದಕ್ಕೇ ನಾಚಿಕೆ ಆಗಿತ್ತು. ಕಡೆಗೆ ಆ ಕೆಲಸವೇ ನನ್ನನ್ನು ಪಾಸು ಮಾಡಿಸಿತು.

ಹೇಗೆ ಅಂತ ಹೇಳುತ್ತೇನೆ. ವಯಸ್ಸಿಗೆ ಮೇಲಿನ ಮಿತಿ ಅಂತ ಹಾಕುವುದಿಲ್ಲ, 18 ತುಂಬಿರಬೇಕು. ಡಿಗ್ರಿ ಬೇಕಿಲ್ಲ. ಮೊದಲು ಆನ್‌ಲೈನ್ ಅರ್ಜಿ. ಆಮೇಲೆ ಬಹಳ ಕಡೆ ಆನ್‌ಲೈನಿನಲ್ಲೇ ಒಂದು ಪರೀಕ್ಷೆ ಇಡುತ್ತಾರೆ. ಇಂಥ ಪರಿಸ್ಥಿತಿ ಬಂದರೆ ಏನು ಮಾಡುತ್ತೀರಿ ಅಂತ ಕೇಳಿ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಅದು ದಾಟಿದರೆ ಸಂದರ್ಶನ. ಅಲ್ಲೂ ಪಾಸಾದರೆ ವೈದ್ಯಕೀಯ ತಪಾಸಣೆ, ಕಣ್ಣಿನ ಪರೀಕ್ಷೆ, ಮಾದಕ ವಸ್ತುವಿನ ಪರೀಕ್ಷೆ, ಬೆರಳಚ್ಚು. ಕೆಲವು ಪಡೆಗಳಲ್ಲಿ ಓಟವೂ ಇದೆ. 15 ಮೀಟರ್ ಅಂತರದಲ್ಲಿ ಎರಡು ಗೆರೆ. ಬೀಪ್ ಶಬ್ದ ಬರುವುದರೊಳಗೆ ಈ ಗೆರೆಯಿಂದ ಆ ಗೆರೆ ಮುಟ್ಟಬೇಕು. ಶಬ್ದ ಬರಬರುತ್ತಾ ಬೇಗ ಬೇಗ ಬರುತ್ತದೆ. ಕಷ್ಟದ್ದೇನಲ್ಲ, ಎರಡು ತಿಂಗಳು ದಿನಾ ಬಿರುಸಾಗಿ ನಡೆದು, ಸ್ವಲ್ಪ ಓಡಿ ಅಭ್ಯಾಸ ಮಾಡಿದರೆ ಸಾಕು. ನಾನು ಮಕ್ಕಳನ್ನು ಶಾಲೆಗೆ ಬಿಟ್ಟು ಪಾರ್ಕಿನಲ್ಲಿ ಎರಡು ಮರಗಳ ನಡುವೆ ಓಡುತ್ತಿದ್ದೆ.

ಸಂದರ್ಶನದ ಬಗ್ಗೆ ಜಾಸ್ತಿ ಹೇಳಬೇಕು. ನಮ್ಮವರು ಎಡವುವುದು ಅಲ್ಲಿ. ನಮ್ಮ ಊರಿನಲ್ಲಿ ಸಂದರ್ಶನ ಅಂದರೆ ಸಾಮಾನ್ಯ ಜ್ಞಾನ, ಕಾನೂನಿನ ಸೆಕ್ಷನ್ನು ಅಂತ ಉರು ಹೊಡೆದು ಹೋಗುತ್ತೇವೆ. ಇಲ್ಲಿ ಅದನ್ನು ಕೇಳುವುದಿಲ್ಲ. ‘ಇಬ್ಬರ ಜಗಳವನ್ನು ನೀವು ತಣ್ಣಗೆ ಮಾಡಿದ ಒಂದು ಸಂದರ್ಭ ಹೇಳಿ’ ಅನ್ನುತ್ತಾರೆ. ‘ನಿಮ್ಮಂತೆ ಯೋಚಿಸದವರ ಜೊತೆ ಕೆಲಸ ಮಾಡಿದ ಸಂದರ್ಭ ಹೇಳಿ’ ಅನ್ನುತ್ತಾರೆ. ಏನು ನಡೆಯಿತು, ನೀವು ಏನು ಮಾಡಿದಿರಿ, ಯಾಕೆ ಹಾಗೆ ಮಾಡಿದಿರಿ, ಕೊನೆಗೆ ಏನಾಯಿತು, ಈ ಕ್ರಮದಲ್ಲಿ ಹೇಳಬೇಕು. ‘ನಾವು ಮಾಡಿದೆವು’ ಅನ್ನುವುದು ನಮ್ಮ ಮನೆಗಳಲ್ಲಿ ಕಲಿಸಿದ ವಿನಯ. ಅಲ್ಲಿ ಮಾತ್ರ ‘ನಾನು ಮಾಡಿದೆ’ ಅಂತಲೇ ಹೇಳಬೇಕು. ನಾನು ಇದನ್ನು ಅಡುಗೆಮನೆಯಲ್ಲಿ ಬಾಯಿಬಿಟ್ಟು ಹೇಳಿ ಹೇಳಿ ರೂಢಿ ಮಾಡಿಕೊಂಡೆ.

ನಾನು ಹೇಳಿದ ಸಂದರ್ಭ ಶಾಲೆಯದ್ದು. ಹತ್ತು ವರ್ಷದ ಇಬ್ಬರು ಹುಡುಗರು ಚೆಂಡಿಗಾಗಿ ಹೊಡೆದಾಡಿದರು. ಒಬ್ಬನ ತುಟಿ ಒಡೆದಿತ್ತು. ನಾನು ಇಬ್ಬರ ನಡುವೆ ಕೂಗುತ್ತಾ ನುಗ್ಗಲಿಲ್ಲ. ಸುತ್ತ ನಿಂತು ಹುರಿದುಂಬಿಸುತ್ತಿದ್ದ ಮಕ್ಕಳನ್ನು ಮೊದಲು ಊಟದ ಸಾಲಿಗೆ ಕಳಿಸಿದೆ. ನೋಡುವವರು ಹೋದ ಮೇಲೆ ಹೊಡೆದಾಟದ ಬಿಸಿ ತಾನಾಗಿ ಇಳಿಯಿತು. ಆಮೇಲೆ ಒಬ್ಬೊಬ್ಬನನ್ನೇ ಬೇರೆ ಬೇರೆ ಕಡೆ ಕೂರಿಸಿ ಮಾತು ಕೇಳಿದೆ. ಅದನ್ನು ಹೇಳಿ ಮುಗಿಸಿದಾಗ ಎದುರಿಗಿದ್ದ ಸಾರ್ಜೆಂಟ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದರು. ಶನಿವಾರ ರಾತ್ರಿ ಬಾರ್ ಮುಂದೆ ಮಾಡಬೇಕಾದದ್ದೂ ಅದನ್ನೇ ಅಂತ ಆಮೇಲೆ ಕೆಲಸದಲ್ಲಿ ಗೊತ್ತಾಯಿತು.

ಹನ್ನೊಂದು ವರ್ಷ ಮನೆಯಲ್ಲಿದ್ದೆ ಅಂತ ಬರೆದಿದ್ದೀರಿ. ಆ ಹನ್ನೊಂದು ವರ್ಷದಲ್ಲಿ ಇಂಥವು ಹತ್ತಾದರೂ ಇರುತ್ತವೆ. ಕನ್ನಡ ಸಂಘದ ಯುಗಾದಿ ಊಟಕ್ಕೆ ಇನ್ನೂರು ಜನರನ್ನು ಸಂಭಾಳಿಸಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕೆ ಶುರು ಮಾಡಿ.

ಇಂಗ್ಲಿಷ್ ಬಗ್ಗೆ ಎರಡೇ ಮಾತು. ನಿಮ್ಮ ಮಾತು ಅವರಿಗೆ ಅರ್ಥವಾಗಬೇಕು, ಅವರ ಮಾತು ನಿಮಗೆ ಅರ್ಥವಾಗಬೇಕು. ಉಚ್ಚಾರಣೆ ಬದಲಿಸಿಕೊಳ್ಳಬೇಕಿಲ್ಲ. ನಿಜವಾದ ಕಷ್ಟ ಬರವಣಿಗೆಯದ್ದು, ಅದನ್ನು ಅಭ್ಯಾಸ ಮಾಡಿ. ನಾವು ಬರೆದ ಹೇಳಿಕೆ ನಾಳೆ ನ್ಯಾಯಾಲಯಕ್ಕೆ ಹೋಗಬಹುದು. ನೋಡಿದ್ದನ್ನು ನೋಡಿದ ಕ್ರಮದಲ್ಲಿ, ಗಂಟೆ ನಿಮಿಷದ ಸಮೇತ, ನಮ್ಮ ಊಹೆ ಬೆರೆಸದೆ ಬರೆಯಬೇಕು.

ಆಯ್ಕೆ ಆದ ಮೇಲೆ ಕೆಲವು ವಾರ ತರಗತಿ ಇರುತ್ತದೆ. ಆಮೇಲೆ ಅನುಭವ ಇರುವ ಒಬ್ಬರ ಜೊತೆ ಬೀದಿಗೆ ಕಳಿಸುತ್ತಾರೆ. ಕೆಲವು ಪಡೆಗಳು ಇದನ್ನು ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಆಗಿ ನಡೆಸುತ್ತವೆ, ಸಂಬಳ ಪಡೆಯುತ್ತಲೇ ಕಲಿಯಬಹುದು. ಅರ್ಜಿಯಿಂದ ಮೊದಲ ದಿನದ ತನಕ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ನನಗೆ ಒಂಬತ್ತು ತಿಂಗಳು ಹಿಡಿಯಿತು. ಮಧ್ಯೆ ಬೇಸರಪಟ್ಟು ಬಿಡಬೇಡಿ.

ನನ್ನ ಕ್ರೆಡಿಟ್ ಕಾರ್ಡ್ ಸಾಲ ಬಾಕಿ ಇದೆ. ಊರಲ್ಲಿ ದೊಡ್ಡಪ್ಪನ ಮಗನ ಮೇಲೆ ಜಮೀನಿನ ಗಲಾಟೆ ಕೇಸ್ ಇದೆ. ಇದನ್ನೆಲ್ಲ ಹೇಳಲೇಬೇಕಾ?
— ಲೆಸ್ಟರ್‌ನಿಂದ ಒಬ್ಬ ಯುವಕ

ತಮ್ಮಾ, ಫಾರಂನಲ್ಲಿ ಕೇಳಿದ್ದಕ್ಕೆಲ್ಲ ನಿಜ ಬರೆಯಿರಿ. ಇದನ್ನು ವೆಟಿಂಗ್ ಅನ್ನುತ್ತಾರೆ. ನಿಮ್ಮ ಬಗ್ಗೆ, ಮನೆಯವರ ಬಗ್ಗೆ, ಜೊತೆಯಲ್ಲಿ ವಾಸ ಮಾಡುವವರ ಬಗ್ಗೆ ಪರಿಶೀಲನೆ ಇರುತ್ತದೆ. ಹಣಕಾಸೂ ನೋಡುತ್ತಾರೆ. ಸಾಲ ಇರುವುದು ತಪ್ಪಲ್ಲ, ಮನೆ ಸಾಲ ಯಾರಿಗಿಲ್ಲ? ಕಂತು ಕಟ್ಟದೆ ಬಿಟ್ಟಿರುವುದು, ನ್ಯಾಯಾಲಯದ ಆದೇಶ ಬಂದರೂ ತೀರಿಸದೆ ಇರುವುದು, ದಿವಾಳಿ ಘೋಷಿಸಿರುವುದು ತೊಂದರೆ ಕೊಡುತ್ತದೆ. ಸಾಲದಲ್ಲಿ ಮುಳುಗಿದವರನ್ನು ದುಡ್ಡಿನ ಆಸೆ ತೋರಿಸಿ ಬಳಸಿಕೊಳ್ಳುವುದು ಸುಲಭ ಅನ್ನುವುದು ಅವರ ಲೆಕ್ಕ. ಬ್ಯಾಂಕಿನ ಜೊತೆ ಮಾತಾಡಿ ಕಂತು ಗೊತ್ತುಮಾಡಿ, ಆರು ತಿಂಗಳು ತಪ್ಪದೆ ಕಟ್ಟಿ, ಆಮೇಲೆ ಅರ್ಜಿ ಹಾಕಿ.

ದೊಡ್ಡಪ್ಪನ ಮಗನ ಜಮೀನು ವ್ಯಾಜ್ಯ ಒಂದರಿಂದಲೇ ನಿಮ್ಮ ಅರ್ಜಿ ಬೀಳುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಕೇಳಿದ್ದನ್ನು ಮುಚ್ಚಿಟ್ಟರೆ, ಮುಚ್ಚಿಟ್ಟದ್ದಕ್ಕಾಗಿಯೇ ತಿರಸ್ಕರಿಸುತ್ತಾರೆ. ನನ್ನ ಜೊತೆ ಅರ್ಜಿ ಹಾಕಿದ್ದ ಒಬ್ಬ ಒಳ್ಳೆಯ ಹುಡುಗ ಹದಿನೇಳನೇ ವಯಸ್ಸಿನಲ್ಲಿ ಪೊಲೀಸರಿಂದ ಸಿಕ್ಕಿದ್ದ ಒಂದು ಎಚ್ಚರಿಕೆಯನ್ನು ಬರೆದಿರಲಿಲ್ಲ. ಅಲ್ಲಿಗೆ ಮುಗಿಯಿತು. ಬರೆದಿದ್ದರೆ ಉಳಿಯುತ್ತಿದ್ದನೋ ಏನೋ, ನನಗೆ ಇವತ್ತಿಗೂ ಬೇಜಾರಿದೆ.

ಒಂದು ದಿನದಲ್ಲಿ ನೀವು ಏನೇನು ಮಾಡ್ತೀರಿ, ಮೇಡಂ?
— ಪಿಯುಸಿ ವಿದ್ಯಾರ್ಥಿನಿ, ಬೆಂಗಳೂರು

ಕಳೆದ ಗುರುವಾರದ್ದನ್ನೇ ಹೇಳುತ್ತೇನಮ್ಮ. ಬೆಳಿಗ್ಗೆ ಎಂಟಕ್ಕೆ ಠಾಣೆಯಲ್ಲಿ ಸಾರ್ಜೆಂಟ್ ಮುಂದೆ ಹತ್ತು ನಿಮಿಷ ಮಾತು. ರಾತ್ರಿ ಏನಾಯಿತು, ಯಾರು ಕಾಣೆಯಾಗಿದ್ದಾರೆ, ಎಲ್ಲಿ ಕಳ್ಳತನ ಆಗಿದೆ. ಎಂಟೂಮುಕ್ಕಾಲಿಗೆ ಶಾಲೆಯ ಗೇಟು. ಗೇಟಿನ ಮುಂದೆ ಹಳದಿ ಅಂಕುಡೊಂಕು ಗೆರೆ ಎಳೆದಿರುತ್ತಾರೆ, ಅಲ್ಲಿ ಕಾರು ನಿಲ್ಲಿಸಬಾರದು. ಎಲ್ಲರಿಗೂ ಗೊತ್ತು, ಆದರೂ ನಿಲ್ಲಿಸುತ್ತಾರೆ. ಹತ್ತು ಗಂಟೆಗೆ ಗ್ರಂಥಾಲಯದಲ್ಲಿ ಸೈಕಲ್‌ಗಳಿಗೆ ನಂಬರ್ ಗುರುತು ಹಾಕುವ ಕಾರ್ಯಕ್ರಮ, ಹದಿನಾಲ್ಕು ಸೈಕಲ್ ಬಂದವು. ಮಧ್ಯಾಹ್ನ ಒಂದು ಮನೆಗಳ್ಳತನದ ಬೀದಿಯಲ್ಲಿ ಮನೆಮನೆಗೂ ಹೋಗಿ, ಯಾರಾದರೂ ಏನಾದರೂ ನೋಡಿದಿರಾ, ಬಾಗಿಲ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿದೆಯಾ ಅಂತ ವಿಚಾರಿಸಿದೆ. ಮೂವತ್ತೊಂದು ಬಾಗಿಲು ತಟ್ಟಿದೆ, ಹನ್ನೆರಡು ತೆರೆದವು. ನಾಲ್ಕಕ್ಕೆ ಎಂಬತ್ತನಾಲ್ಕು ವರ್ಷದ ಒಬ್ಬ ಅಜ್ಜಿಯ ಮನೆ. ಅವರಿಗೆ ಯಾರೋ ಫೋನ್ ಮಾಡಿ, ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ದುಡ್ಡು ತೆಗೆದು ಮನೆಗೆ ಬರುವವನ ಕೈಲಿ ಕೊಡಿ ಅಂದಿದ್ದರು. ಪುಣ್ಯಕ್ಕೆ ಕೊಟ್ಟಿರಲಿಲ್ಲ. ಒಂದು ಗಂಟೆ ಅವರ ಜೊತೆ ಕೂತೆ. ಹೊರಡುವಾಗ ಅವರ ಕೈ ಇನ್ನೂ ನಡುಗುತ್ತಿತ್ತು.

ಕೊಲೆಯೋ ದೊಡ್ಡ ಅಪಘಾತವೋ ಆದ ದಿನ ನೀಲಿ ಬಿಳಿ ಟೇಪ್ ಕಟ್ಟಿ, ಯಾರು ಒಳಗೆ ಹೋದರು ಯಾರು ಬಂದರು ಅಂತ ಬರೆದುಕೊಳ್ಳುತ್ತಾ ಮಳೆಯಲ್ಲಿ ಎಂಟು ಗಂಟೆ ನಿಲ್ಲಬೇಕಾಗುತ್ತದೆ. ಅದನ್ನೂ ತಿಳಿದಿರು.

ಮೇಷ್ಟ್ರು ಕೇಳಿದ ಪ್ರಯೋಜನದ ಮಾತಿಗೆ ಇಲ್ಲೊಂದು ಉತ್ತರ ಇದೆ. ನನ್ನ ಬೀಟಿನಲ್ಲಿ ನೆಲಮಹಡಿಯ ಒಂದು ಫ್ಲಾಟಿನಲ್ಲಿ ಗಾಲಿಕುರ್ಚಿಯ ಮೇಲಿರುವ ಒಬ್ಬರು ಒಂಟಿಯಾಗಿ ಇದ್ದರು. ನಾನು ಹಾದುಹೋಗುವಾಗೆಲ್ಲ ಕಿಟಕಿಯಿಂದ ಕೈ ಬೀಸುತ್ತಿದ್ದರು. ಒಂದು ವಾರ ಪರದೆ ಎಳೆದೇ ಇತ್ತು. ಬಾಗಿಲ ಮುಂದೆ ಎರಡು ಹೊಸ ಎಲೆಕ್ಟ್ರಿಕ್ ಸೈಕಲ್. ಬಾಗಿಲು ತಟ್ಟಿದರೆ ಇಪ್ಪತ್ತು ವರ್ಷದ ಅಪರಿಚಿತ ಹುಡುಗ ಅರ್ಧ ತೆರೆದು, ಅವರು ಮಲಗಿದ್ದಾರೆ ಅಂದ. ಮಧ್ಯಾಹ್ನ ಎರಡು ಗಂಟೆಗೆ ಅವರು ಮಲಗುವವರಲ್ಲ ಅಂತ ನನಗೆ ಗೊತ್ತಿತ್ತು. ಆ ಹೊತ್ತಿಗೆ ಅವರು ರೇಡಿಯೊದಲ್ಲಿ ಕುದುರೆ ರೇಸ್ ಕೇಳುತ್ತಾರೆ. ನಾನು ವಾದ ಮಾಡಲಿಲ್ಲ, ಪಕ್ಕಕ್ಕೆ ಬಂದು ನನ್ನ ಪೊಲೀಸ್ ರೇಡಿಯೊದಲ್ಲಿ ಠಾಣೆಗೆ ತಿಳಿಸಿದೆ. ಮಾದಕ ವಸ್ತು ಮಾರುವ ಗುಂಪು ಅವರ ಮನೆಯನ್ನು ಆಕ್ರಮಿಸಿಕೊಂಡು, ಅವರನ್ನು ಒಳಗಿನ ಕೋಣೆಯಲ್ಲಿ ಇಟ್ಟಿತ್ತು. ಇಲ್ಲಿ ಇದಕ್ಕೆ ಕುಕೂಯಿಂಗ್ ಅನ್ನುತ್ತಾರೆ. ಕೋಗಿಲೆ ಇನ್ನೊಂದು ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುವುದಿಲ್ಲವಾ, ಅದರಿಂದ ಬಂದ ಹೆಸರು. ಕಾನ್‌ಸ್ಟೆಬಲ್‌ಗಳು ಬಂದು ಹಿಡಿದರು. ಅಷ್ಟು ದೊಡ್ಡ ಊರಿನಲ್ಲಿ ಅವರು ಮಧ್ಯಾಹ್ನ ಎರಡಕ್ಕೆ ಎಚ್ಚರವಾಗಿರುತ್ತಾರೆ ಅಂತ ತಿಳಿದ ಪೊಲೀಸ್ ಇರಬೇಕಲ್ವಾ?

ಲಾಠಿ ಇಲ್ಲ, ಕೈಕೋಳ ಇಲ್ಲ. ಹೆದರಿಕೆ ಆಗುವುದಿಲ್ಲವೇ?
— ಹುಬ್ಬಳ್ಳಿ, ಧಾರವಾಡ, ಲಂಡನ್‌ನಿಂದ ಹಲವರು

ಆಗುತ್ತದೆ. ಚಾಕು ತಡೆಯುವ ಜಾಕೆಟ್ ಇದೆ, ಎದೆಯ ಮೇಲೆ ಕ್ಯಾಮೆರಾ ಇದೆ, ರೇಡಿಯೊದಲ್ಲಿ ತುರ್ತಿಗೆ ಒತ್ತುವ ಒಂದು ಗುಂಡಿ ಇದೆ. ಲಾಠಿ, ಕಣ್ಣಿಗೆ ಹೊಡೆಯುವ ಸ್ಪ್ರೇ, ಕರೆಂಟ್ ಶಾಕ್ ಕೊಡುವ ಟೇಸರ್ ಇಲ್ಲ. ನಮ್ಮ ಟೋಪಿಯ ಪಟ್ಟಿ ನೀಲಿ. ಕಾನ್‌ಸ್ಟೆಬಲ್‌ಗಳದ್ದು ಕಪ್ಪು ಬಿಳಿ ಚೌಕಳಿ. ಕಿಡಿಗೇಡಿ ಹುಡುಗರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ‘ನೀನು ನಿಜವಾದ ಪೊಲೀಸ್ ಅಲ್ಲ’ ಅನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಬಣ್ಣದ ಮಾತು, ‘ನಿನ್ನ ದೇಶಕ್ಕೆ ಹೋಗು’ ಅನ್ನುವುದನ್ನೂ ಕೇಳಿದ್ದೇನೆ. ಹೀಗೆ ಅಂದ ಒಬ್ಬನ ಮೇಲೆ ದ್ವೇಷ ಅಪರಾಧ ಅಂತ ದೂರು ಬರೆಸಿದೆ. ನುಂಗಿಕೊಂಡು ಹೋಗುವುದು ದೊಡ್ಡತನ ಅಂತ ನಮ್ಮ ಮನೆಗಳಲ್ಲಿ ಹೇಳಿಕೊಟ್ಟಿದ್ದಾರೆ. ನಾನು ನುಂಗಿದರೆ ನಾಳೆ ಅದೇ ಬೀದಿಯಲ್ಲಿ ನಡೆಯುವ ಇನ್ನೊಬ್ಬ ಹೆಣ್ಣುಮಗಳೂ ನುಂಗಬೇಕಾಗುತ್ತದೆ. ಅದಕ್ಕೇ ಬರೆಸಿದೆ.

ಒಂದು ಸಂಜೆ ಸೂಪರ್‌ಮಾರ್ಕೆಟ್ ಹಿಂದೆ ಒಬ್ಬ ಒಡೆದ ಬಾಟಲಿ ಹಿಡಿದು ನಿಂತಿದ್ದ. ನನ್ನ ತರಬೇತಿ ಹೇಳುವುದು ಸರಳ: ದೂರ ಕಾಯ್ದುಕೋ, ಹಿಂದೆ ದಾರಿ ಇಟ್ಟುಕೋ, ರೇಡಿಯೊದಲ್ಲಿ ತಿಳಿಸು, ಜನರನ್ನು ಆಚೆ ಕಳಿಸು. ಹಾಗೇ ಮಾಡಿದೆ. ಕಾರು ಬರಲು ಏಳು ನಿಮಿಷ ಆಯಿತು. ಆ ಏಳು ನಿಮಿಷ ನಾನು ಮೆಲ್ಲಗೆ ಮಾತಾಡುತ್ತಲೇ ಇದ್ದೆ. ಅವನ ಹೆಸರು ಕೇಳಿದೆ, ಊಟ ಆಯಿತಾ ಅಂತ ಕೇಳಿದೆ. ಊಟದ ಮಾತಿಗೆ ಅವನು ಅತ್ತ. ಮನೆಗೆ ಬಂದು ನಾನೂ ಅತ್ತೆ.

ಸಂಬಳ ಎಷ್ಟು? ಬಡ್ತಿ ಇದೆಯಾ? ಈ ಹುದ್ದೆ ಮುಂದೆ ಉಳಿಯುತ್ತಾ?
— ಮಿಲ್ಟನ್ ಕೀನ್ಸ್‌ನಿಂದ ಒಬ್ಬ ಎಂಜಿನಿಯರ್

ಲಂಡನ್ ಬಿಟ್ಟರೆ ವರ್ಷಕ್ಕೆ 25ರಿಂದ 30 ಸಾವಿರ ಪೌಂಡಿನ ಆಸುಪಾಸು. ಪಡೆಯಿಂದ ಪಡೆಗೆ ಬದಲಾಗುತ್ತದೆ. ಸಂಜೆ ಮತ್ತು ವಾರಾಂತ್ಯದ ಶಿಫ್ಟಿಗೆ ಭತ್ಯೆ ಬೇರೆ. ಪಿಂಚಣಿ ಇದೆ. ಸಾಫ್ಟ್‌ವೇರ್ ಸಂಬಳಕ್ಕೆ ಹೋಲಿಸಬೇಡಿ. ಬಡ್ತಿಯ ಏಣಿ ಬಹಳ ಗಿಡ್ಡ. ಮೇಲೆ ಹೋಗಬೇಕು ಅನ್ನುವವರು ಒಂದೆರಡು ವರ್ಷದ ಮೇಲೆ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕುತ್ತಾರೆ, ಅದಕ್ಕೆ ಇದು ಒಳ್ಳೆಯ ಅನುಭವ. ನಾನು ಹಾಕಲಿಲ್ಲ. ಕಾನ್‌ಸ್ಟೆಬಲ್ ಆದರೆ ಕಾರು ಹತ್ತಬೇಕು, ಒಂದು ಕರೆಯಿಂದ ಇನ್ನೊಂದಕ್ಕೆ ಓಡಬೇಕು. ನನಗೆ ನಡೆಯುವುದು ಇಷ್ಟ.

ಹುದ್ದೆಯ ಭವಿಷ್ಯದ ಬಗ್ಗೆ ನಿಮಗೆ ನಿಜ ಹೇಳಬೇಕು. 2010ರಲ್ಲಿ ನಾವು 16 ಸಾವಿರಕ್ಕೂ ಜಾಸ್ತಿ ಇದ್ದೆವು. ಸರ್ಕಾರ ಖರ್ಚು ಕಡಿಮೆ ಮಾಡುತ್ತಾ ಹೋಯಿತು, ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. 2018ರಲ್ಲಿ ನಾರ್ಫಕ್ ಪೊಲೀಸ್ ಪಡೆ ಈ ಹುದ್ದೆಯನ್ನು ಪೂರ್ತಿ ತೆಗೆದುಹಾಕಿತು. ಅಲ್ಲಿ ವರ್ಷಗಟ್ಟಲೆ ಒಂದೇ ಊರನ್ನು ನಡೆದು ತಿಳಿದವರ ತಿಳಿವಳಿಕೆಯೆಲ್ಲ ಏನಾಯಿತು ಅಂತ ನೆನೆದರೆ ಸಂಕಟವಾಗುತ್ತದೆ, ಅದನ್ನು ಯಾವ ಕಡತದಲ್ಲೂ ಬರೆದಿಡಲು ಆಗುವುದಿಲ್ಲ. ಈಗಿನ ಸರ್ಕಾರ ನೆರೆಹೊರೆಯ ಪೊಲೀಸ್ ಕೆಲಸಕ್ಕೆ 13 ಸಾವಿರ ಜನರನ್ನು ಹೆಚ್ಚಿಸುತ್ತೇವೆ ಅಂತ ಮಾತು ಕೊಟ್ಟಿದೆ, ಅದರಲ್ಲಿ ನಮ್ಮ ಹುದ್ದೆಯೂ ಸೇರಿದೆ. ವೇಲ್ಸ್‌ನಲ್ಲಿ ಅಲ್ಲಿನ ಸರ್ಕಾರವೇ ದುಡ್ಡು ಹಾಕಿ ಕೆಲವು ನೂರು ಜನರನ್ನು ಉಳಿಸಿಕೊಂಡಿದೆ. ನನ್ನ ಅಭಿಪ್ರಾಯ ಕೇಳಿದರೆ, ಅವರು ಮಾಡಿದ್ದು ಸರಿ.

ನನ್ನ ಸೊಸೆ ಈ ಕೆಲಸಕ್ಕೆ ಸೇರುತ್ತೇನೆ ಅನ್ನುತ್ತಿದ್ದಾಳೆ. ಮನೆತನದ ಹೆಣ್ಣುಮಗಳಿಗೆ ಬೀದಿ ಸುತ್ತುವ ಕೆಲಸ ಯಾಕೆ? ನೀವಾದರೂ ಬುದ್ಧಿ ಹೇಳಿ.
— ಅತ್ತೆ, ದಾವಣಗೆರೆ

ಅಮ್ಮಾ, ನನ್ನ ಅತ್ತೆಯವರೂ ಇದನ್ನೇ ಅಂದಿದ್ದರು. ಅವರು ಆರು ತಿಂಗಳಿಗೆ ನಮ್ಮ ಮನೆಗೆ ಬಂದಿದ್ದಾಗ ಒಂದು ದಿನ ಮಾರ್ಕೆಟ್ಟಿಗೆ ಜೊತೆಯಲ್ಲಿ ಹೋದೆವು. ನನಗೆ ರಜೆ, ಸಮವಸ್ತ್ರ ಇರಲಿಲ್ಲ. ಹೂವಿನ ಅಂಗಡಿಯವನು ಮಾತಾಡಿಸಿದ, ಬಸ್ ಡ್ರೈವರ್ ಹಾರ್ನ್ ಹೊಡೆದು ಕೈ ಎತ್ತಿದ, ಒಬ್ಬ ತಾಯಿ ಬಂದು, ನಿಮ್ಮ ಮಾತು ಕೇಳಿ ಮಗ ಮತ್ತೆ ಶಾಲೆಗೆ ಹೋಗುತ್ತಿದ್ದಾನೆ ಅಂತ ಕೈ ಹಿಡಿದುಕೊಂಡಳು. ಅತ್ತೆಯವರು ಆಗ ಏನೂ ಹೇಳಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿ ನಾದಿನಿಗೆ ಹೇಳುವುದು ಕೇಳಿಸಿತು: ‘ನಮ್ಮ ಹುಡುಗಿ ಇಲ್ಲಿ ಎಲ್ಲರಿಗೂ ಬೇಕಾದವಳು.’

ನಿಮ್ಮ ಸೊಸೆಗೆ ಬುದ್ಧಿ ಹೇಳುವುದು ನನ್ನಿಂದ ಆಗುವುದಿಲ್ಲ. ಸಂಜೆ ಶಿಫ್ಟ್ ಇರುತ್ತದೆ, ಹತ್ತು ಗಂಟೆ ಆಗಬಹುದು. ಅವಳು ಬರುವ ಹೊತ್ತಿಗೆ ಒಂದು ತಟ್ಟೆ ಅನ್ನ ಸಾರು ಬಿಸಿ ಇಟ್ಟಿರಿ. ನನಗೆ ಅದೊಂದೇ ಬೇಕಿತ್ತು.

ದೀಪಾವಳಿಗೆ ಒಡವೆ ಹಾಕಿಕೊಂಡು ಹೋಗಬೇಡಿ ಅಂತ ಪೊಲೀಸರ ಕಾಗದ ಬಂದಿತ್ತು. ನಿಜವಾಗಲೂ ಅಷ್ಟು ಕಳ್ಳತನ ಇದೆಯಾ?
— ಸ್ಲೌನಿಂದ ಒಬ್ಬ ಗೃಹಿಣಿ

ಇದೆ. ಏಷ್ಯಾದವರ ಮನೆಯಲ್ಲಿ 22 ಕ್ಯಾರೆಟ್ ಚಿನ್ನ ಇರುತ್ತದೆ ಅಂತ ಕಳ್ಳರಿಗೆ ಗೊತ್ತು. ಹಬ್ಬದ ದಿನ ಮನೆ ಖಾಲಿ ಇರುತ್ತದೆ ಅಂತಲೂ ಗೊತ್ತು. ಹಾಕಿಕೊಳ್ಳಿ, ಆದರೆ ಕಾರಿನಿಂದ ಸಭಾಂಗಣದವರೆಗೆ ಶಾಲು ಹೊದೆಯಿರಿ. ಉಳಿದದ್ದನ್ನು ಲಾಕರಿನಲ್ಲಿ ಇಡಿ. ಅಕ್ಕಿ ಡಬ್ಬಿ, ದೇವರ ಮನೆ, ಬೀರುವಿನ ಸೀರೆ ಮಡಿಕೆ, ಈ ಮೂರೂ ಜಾಗ ಅವರು ಮೊದಲು ನೋಡುತ್ತಾರೆ. ಒಂದೊಂದು ಒಡವೆಯನ್ನೂ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆದಿಡಿ. ನಮ್ಮಜ್ಜಿಯ ಕಾಸಿನ ಸರ ಅಂತ ಬಾಯಲ್ಲಿ ಹೇಳಿದರೆ ಇಲ್ಲಿನ ಪೊಲೀಸರಿಗೆ ಅದು ಹೇಗಿದೆ ಅಂತ ಗೊತ್ತಾಗುವುದಿಲ್ಲ.

ಮಗನ ಮನೆಗೆ ಬಂದಿದ್ದೇನೆ. ದಿನಾ ಪಾರ್ಕಿನಲ್ಲಿ ವಾಕಿಂಗ್ ಹೋಗುತ್ತೇನೆ. ನಿಮ್ಮಂಥ ಪೊಲೀಸರು ಎದುರಾಗುತ್ತಾರೆ. ಮಾತಾಡಿಸಬಹುದೇ? ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.
— ಮೈಸೂರಿನ ಹಿರಿಯರು, ಸದ್ಯ ಬರ್ಮಿಂಗ್‌ಹ್ಯಾಮ್

ಖಂಡಿತ ಮಾತಾಡಿಸಿ ಸಾರ್. ಗುಡ್ ಮಾರ್ನಿಂಗ್ ಅಂದರೆ ಸಾಕು. ನಾಲ್ಕು ದಿನ ಕಂಡರೆ ಅವರಿಗೆ ನಿಮ್ಮ ಗುರುತು ಉಳಿಯುತ್ತದೆ.

ಹಿಂದಿನ ಚಳಿಗಾಲದಲ್ಲಿ ನಿಮ್ಮ ವಯಸ್ಸಿನ ಒಬ್ಬರು ನಮ್ಮೂರಲ್ಲಿ ದಾರಿ ತಪ್ಪಿದರು. ಮರೆವಿನ ಕಾಯಿಲೆ ಶುರುವಾಗಿತ್ತು. ಕತ್ತಲಾಗಿತ್ತು, ಹೊರಗೆ ಎರಡು ಡಿಗ್ರಿ. ಅವರಿಗೆ ಇಂಗ್ಲಿಷ್ ಮಾತು ಆ ಹೊತ್ತಿಗೆ ಪೂರ್ತಿ ಮರೆತುಹೋಗಿತ್ತು. ಬಸ್ ನಿಲ್ದಾಣದಲ್ಲಿ ಕೂತವರನ್ನು ನಾನು ಕನ್ನಡದಲ್ಲಿ ‘ಯಾವೂರು ಸ್ವಾಮಿ?’ ಅಂದೆ. ‘ಕಡೂರು’ ಅಂದರು. ಆಮೇಲೆ ಎಲ್ಲವೂ ಸಲೀಸಾಯಿತು. ಇಲ್ಲಿ ಇಂಥವರಿಗೆ ಹರ್ಬರ್ಟ್ ಪ್ರೋಟೊಕಾಲ್ ಅಂತ ಒಂದು ಫಾರಂ ಇದೆ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಕಾದಾಡಿದ್ದ, ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬಂದ ಜಾರ್ಜ್ ಹರ್ಬರ್ಟ್ ಅನ್ನುವ ಹಳೇ ಸೈನಿಕರ ಹೆಸರು ಅದು. ಫೋಟೊ, ಔಷಧಿ, ಹಿಂದೆ ಇದ್ದ ಮನೆ, ಹೋಗಲು ಇಷ್ಟಪಡುವ ಜಾಗ, ಎಲ್ಲವನ್ನೂ ಮನೆಯವರು ಮೊದಲೇ ಬರೆದಿಟ್ಟುಕೊಂಡರೆ, ಕಾಣೆಯಾದ ದಿನ ಹುಡುಕುವುದು ಬೇಗ ಆಗುತ್ತದೆ. ಮನೆಯಲ್ಲಿ ಅಂಥ ಹಿರಿಯರು ಇರುವವರು ಇದನ್ನು ಓದಿದರೆ ಈ ವಾರವೇ ತುಂಬಿಸಿ. ಯಾವ ಮಾತು ಆಡುತ್ತಾರೆ ಅನ್ನುವ ಕಡೆ ಕನ್ನಡ ಅಂತ ಬರೆಯಲು ಮರೆಯಬೇಡಿ.

ನಿಮಗೆ ಅಂಥದ್ದೇನೂ ಇಲ್ಲ ಅಂತ ಪತ್ರದ ಸ್ಪಷ್ಟ ಅಕ್ಷರವೇ ಹೇಳುತ್ತದೆ. ಆದರೂ ಮಗನ ಫೋನ್ ನಂಬರ್ ಮತ್ತು ಮನೆಯ ಪೋಸ್ಟ್‌ಕೋಡ್ ಬರೆದ ಚೀಟಿ ಕೋಟಿನ ಒಳಜೇಬಿನಲ್ಲಿ ಇರಲಿ. ತುರ್ತಿಗೆ 999, ಅವಸರ ಇಲ್ಲದ್ದಕ್ಕೆ 101. ಅದನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ. ನಾಲ್ಕು ಗಂಟೆಗೇ ಕತ್ತಲಾಗುವ ಕಾಲ ಇದು, ಬೇಗ ಮನೆ ಸೇರಿ.